ಭಾರತದಲ್ಲಿ ದಯಾಮರಣ

ದಯಾಮರಣವೆಂದರೆ ಗುಣವಾಗದ ರೋಗದಿಂದ ನರಳುವ ವ್ಯಕ್ತಿಯ ಯಾತನೆಯನ್ನು ಕೊನೆಗಾಣಿಸಲು ಸಾವನ್ನು ಉಂಟುಮಾಡುವುದು ಅಥವಾ ತಡೆಯದಿರುವುದು. ಮಾರಕ ಔಷಧ ನೀಡುವುದನ್ನು ಸಕ್ರಿಯ ದಯಾಮರಣವೆಂದೂ, ಕೃತಕ ಉಸಿರಾಟದಂತಹ ಚಿಕಿತ್ಸೆಯನ್ನು ನಿಲ್ಲಿಸುವುದನ್ನು ನಿಷ್ಕ್ರಿಯ ದಯಾಮರಣವೆಂದೂ ಕರೆಯುತ್ತಾರೆ. ಭಾರತದಲ್ಲಿ ಎರಡನೆಯದಕ್ಕೆ ಮಾತ್ರ ಷರತ್ತುಬದ್ಧ ಅವಕಾಶವಿದೆ.

ಉತ್ತರ ಕನ್ನಡ ಜಿಲ್ಲೆಯ ಹಳದೀಪುರ ಮೂಲದ ದಾದಿ ಅರುಣಾ ಶಾನಭಾಗ ಅವರ ಪ್ರಕರಣ ಈ ಚರ್ಚೆಯಲ್ಲಿ ಪ್ರಮುಖವಾದುದು. 1973ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಡೆದ ಹಲ್ಲೆಯ ನಂತರ ಅವರು ಜಡಸ್ಥಿತಿಯಲ್ಲಿಯೇ ಉಳಿದರು. ಅವರಿಗೆ ದಯಾಮರಣ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಅರ್ಜಿ ಸಲ್ಲಿಸಿದರು. ಆರೈಕೆ ಮಾಡುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ವಿರೋಧಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಜಿಯನ್ನು ತಿರಸ್ಕರಿಸಿತಾದರೂ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ನಿಷ್ಕ್ರಿಯ ದಯಾಮರಣ ಕೈಗೊಳ್ಳಬಹುದೆಂದು ತೀರ್ಪಿತ್ತಿತು. ಅರುಣಾ 2015ರಲ್ಲಿ ನ್ಯುಮೋನಿಯಾದಿಂದ ನಿಧನರಾದರು.

ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆಯೆಂದು 2018ರಲ್ಲಿ ಸಂವಿಧಾನ ಪೀಠವು ಸಾರಿತು. ಪ್ರಜ್ಞೆಯಿರುವಾಗಲೇ ಚಿಕಿತ್ಸೆಯ ಬಗ್ಗೆ ಇಚ್ಛೆಯನ್ನು ಬರೆದಿಡುವ ‘ಜೀವಂತ ಉಯಿಲು’ ಮಾನ್ಯವಾಯಿತು. 2023ರಲ್ಲಿ ಸರಳಗೊಳಿಸಿದ ನಿಯಮಗಳಂತೆ ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕು. ಉಯಿಲು ಬರೆಯದವರ ಪರವಾಗಿ ಕುಟುಂಬದವರ ಸಮ್ಮತಿ ಅಗತ್ಯ.

ಸಕ್ರಿಯ ದಯಾಮರಣವೂ ವೈದ್ಯರ ನೆರವಿನ ಆತ್ಮಹತ್ಯೆಯೂ ಕಾನೂನುಬಾಹಿರವಾಗಿವೆ. ಉಸಿರಾಟದ ಯಂತ್ರವನ್ನು ಅವಲಂಬಿಸದೆ ಯಾತನೆಪಡುವ ರೋಗಿಗೂ ಈ ಹಕ್ಕು ಬೇಕೆಂಬುದು ಬೆಂಬಲಿಗರ ವಾದ. ಅದರಿಂದ ಬಡವರು, ವೃದ್ಧರು ಮತ್ತು ಅಂಗವಿಕಲರು ತಾವು ಹೊರೆಯೆಂಬ ಭಾವನೆಯಿಂದ ಸಾವಿಗೆ ಒಪ್ಪಬೇಕಾದೀತೆಂಬುದು ವಿರೋಧಿಗಳ ಆತಂಕ.