ಆಪರೇಷನ್ನಿಗೆ ಮೊದಲು ಬಾಯಿಯನ್ನೂ ತೋರಿಸಿ



ಹಸುವಿಗೆ ಕೆಚ್ಚಲು ಬಾವು ಬಂದರೆ ಆ ಮೊಲೆಯ ಹಾಲನ್ನು ಬೇರೆ ಕರೆದು ಚೆಲ್ಲುತ್ತೀರಿ. ಅದು ಕ್ಯಾನಿಗೆ ಬಿದ್ದರೆ ಇಡೀ ಕ್ಯಾನೇ ಕೆಡುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಬಾಯಿಯ ವಿಚಾರವೂ ಹೀಗೆಯೇ. ಒಂದು ಹುಳುಕು ಹಲ್ಲು, ಕೀವು ಕಟ್ಟಿದ ಒಂದು ವಸಡು ದೊಡ್ಡ ಶಸ್ತ್ರಚಿಕಿತ್ಸೆಯ ಫಲವನ್ನೇ ಕೆಡಿಸಬಹುದು.

ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತುಹೋಗಿ, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಇಂತಹ ನೆರವಿನಿಂದ ದೊಡ್ಡ ಶಸ್ತ್ರಚಿಕಿತ್ಸೆ ಈಗ ರೈತ ಕುಟುಂಬದ ಕೈಗೂ ಎಟುಕುತ್ತಿದೆ. ಆದರೆ ಕಳಸ, ಮೂಡಿಗೆರೆ ಕಡೆಯವರು ಹೃದಯ ಅಥವಾ ಮಂಡಿಯ ಚಿಕಿತ್ಸೆಗೆ ಘಟ್ಟ ಇಳಿದು ಮಂಗಳೂರಿಗೋ, ಇಲ್ಲವೇ ಹಾಸನ, ಬೆಂಗಳೂರಿಗೋ ಹೋಗಬೇಕು. ಕೊಟ್ಟಿಗೆಯ ಕೆಲಸವನ್ನು ನೆರೆಯವರಿಗೆ ಒಪ್ಪಿಸಿ ಅಷ್ಟು ದೂರ ಹೋದ ಮೇಲೆ, "ಮೊದಲು ಹಲ್ಲು ಸರಿಮಾಡಿಸಿಕೊಂಡು ಬನ್ನಿ" ಎಂದು ವೈದ್ಯರು ಹಿಂದಕ್ಕೆ ಕಳುಹಿಸಿದರೆ ಹಣ, ಸಮಯ ಎರಡೂ ವ್ಯರ್ಥ. ರೋಗವೂ ಕಾಯುತ್ತಾ ಕೂರುವುದಿಲ್ಲ.

ಬಾಯಿಗೂ ಹೃದಯಕ್ಕೂ ಏನು ಸಂಬಂಧ?

ಊದಿದ ವಸಡಿನಿಂದ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಆರೋಗ್ಯವಂತರಲ್ಲಿ ದೇಹವೇ ಅವನ್ನು ನಾಶ ಮಾಡುತ್ತದೆ. ಆದರೆ ಹೃದಯಕ್ಕೆ ಕೃತಕ ಕವಾಟ ಜೋಡಿಸಿದ್ದರೆ ರೋಗಾಣುಗಳು ಅಲ್ಲಿ ಅಂಟಿಕೊಂಡು ಬೆಳೆಯಬಹುದು. ಇದು ಪ್ರಾಣಕ್ಕೇ ಅಪಾಯ. ಆದ್ದರಿಂದಲೇ ಕವಾಟದ ಶಸ್ತ್ರಚಿಕಿತ್ಸೆಗೆ ಮೊದಲು ದಂತ ವೈದ್ಯರ ಒಪ್ಪಿಗೆ ಪತ್ರ ಕೇಳುತ್ತಾರೆ. ಕೃತಕ ಮಂಡಿ, ಸೊಂಟದ ಕೀಲು ಹಾಕಿಸಿಕೊಳ್ಳುವವರೂ ಹಲ್ಲಿನ ಸೋಂಕನ್ನು ಮೊದಲೇ ವಾಸಿ ಮಾಡಿಕೊಳ್ಳುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರ ವಹಿಸಬೇಕು. ವಸಡಿನ ರೋಗದಿಂದ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಸಕ್ಕರೆ ಹೆಚ್ಚಾದರೆ ವಸಡಿನ ರೋಗವೂ ಹೆಚ್ಚು, ಶಸ್ತ್ರಚಿಕಿತ್ಸೆಯ ಗಾಯ ಮಾಯುವುದೂ ನಿಧಾನ.

ಅರಿವಳಿಕೆ ಕೊಡುವಾಗ

ಪೂರ್ಣ ಅರಿವಳಿಕೆ ಕೊಟ್ಟಾಗ ಉಸಿರಾಟಕ್ಕಾಗಿ ಸಾಮಾನ್ಯವಾಗಿ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಆಗ ಅಲುಗಾಡುವ ಹಲ್ಲು ಕಿತ್ತು ಶ್ವಾಸಕೋಶದೊಳಗೆ ಜಾರುವ ಅಪಾಯವಿದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಮೊದಲೇ ತೆಗೆದಿಡಿ. ಅಲುಗಾಡುವ ಹಲ್ಲಿದ್ದರೆ ಅರಿವಳಿಕೆ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ. ಬಾಯಿ ಕೊಳಕಾಗಿದ್ದರೆ ಅಲ್ಲಿನ ರೋಗಾಣುಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು.

ಅಡಿಕೆ ನಮ್ಮ ಬೆಳೆ ನಿಜ. ಆದರೆ ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆ ನಾರಿನಂತೆ ಬಿಗಿದು ಬಾಯಿ ಪೂರ್ತಿ ತೆರೆಯುವುದಿಲ್ಲ. ನಿಮ್ಮದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದರಂತೆ ಜೋಡಿಸಿ ಮುಂದಿನ ಮೇಲು ಕೆಳ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹೋಗದಿದ್ದರೆ ಕೊಳವೆ ಇಳಿಸುವುದು ಕಷ್ಟವಾಗಬಹುದು. ಇದು ವೈದ್ಯರಿಗೆ ಮೊದಲೇ ತಿಳಿದಿರಬೇಕು.

ನೀವು ಮಾಡಬೇಕಾದದ್ದು

1. ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ ವಾರವೇ ಹತ್ತಿರದ ದಂತ ವೈದ್ಯರಿಗೆ ಬಾಯಿ ತೋರಿಸಿ. ಯಾವ ಚಿಕಿತ್ಸೆ, ಯಾವ ದಿನ ಎಂಬುದನ್ನು ಅವರಿಗೆ ತಿಳಿಸಿ. ಹಲ್ಲು ಕೀಳಿಸಬೇಕಾಗಿ ಬಂದರೆ ಗಾಯ ಮಾಯಲು ಒಂದೆರಡು ವಾರವಾದರೂ ಬೇಕು.

2. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹಲ್ಲುಜ್ಜಿ. ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿ ಬಿಡಿ.

3. ಶಸ್ತ್ರಚಿಕಿತ್ಸೆಯ ದಿನವೂ ಹಲ್ಲುಜ್ಜಿ ಬಾಯಿ ಮುಕ್ಕಳಿಸಿ ಉಗುಳಬಹುದು. ಆದರೆ "ಒಂದು ಲೋಟ ಕಾಫಿ ತಾನೇ" ಎಂದು ಕುಡಿಯಬೇಡಿ. ಹಾಲು ಹಾಕಿದ ಕಾಫಿಯೂ ಊಟದ ಲೆಕ್ಕವೇ. ಅರಿವಳಿಕೆಗೆ ಕನಿಷ್ಠ 6 ಗಂಟೆ ಮೊದಲೇ ಅದನ್ನು ನಿಲ್ಲಿಸಬೇಕು. ನೀರಿನ ವಿಚಾರದಲ್ಲಿ ನಿಮ್ಮ ವೈದ್ಯರು ಹೇಳಿದಂತೆ ನಡೆಯಿರಿ.

4. ಕವಾಟ ಹಾಕಿಸಿಕೊಂಡವರು ಮುಂದೆಂದಾದರೂ ಹಲ್ಲು ಕೀಳಿಸುವಾಗ ಅದನ್ನು ದಂತ ವೈದ್ಯರಿಗೆ ಮೊದಲೇ ಹೇಳಿ. ಸೋಂಕು ತಡೆಯುವ ಔಷಧಿಯನ್ನು ಕೀಳುವ ಮೊದಲೇ ಕೊಡಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಲೇಬೇಡಿ.

ಕಾಳುಮೆಣಸು ಕುಯ್ಯುವಾಗ ಮರದಿಂದ ಬಿದ್ದವರಿಗೆ, ಹೆರಿಗೆಯಲ್ಲಿ ತೊಂದರೆಯಾದವರಿಗೆ ಶಸ್ತ್ರಚಿಕಿತ್ಸೆ ತಕ್ಷಣ ಆಗಬೇಕು. ಹಲ್ಲಿನ ನೆಪದಿಂದ ಅದನ್ನು ತಡಮಾಡಬಾರದು. ಆಗ ಅಲುಗಾಡುವ ಹಲ್ಲು, ಹಲ್ಲಿನ ಸೆಟ್ಟಿನ ವಿಚಾರವನ್ನು ಜೊತೆಯಲ್ಲಿರುವವರು ವೈದ್ಯರಿಗೆ ತಿಳಿಸಿದರೆ ಸಾಕು.

ಹಲ್ಲು ನೋಯದಿದ್ದರೆ ಬಾಯಿ ಸರಿಯಿದೆ ಎಂದು ತಿಳಿಯಬೇಡಿ. ವಸಡಿನ ರೋಗ ಬಹುಕಾಲ ನೋವಿಲ್ಲದೆಯೇ ಬೆಳೆಯುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ, ಬಸ್ಸು ಹತ್ತುವ ಮೊದಲು ಅವರ ಬಾಯಿಯನ್ನೊಮ್ಮೆ ತೋರಿಸಿ. ಈ ವಿಷಯವನ್ನು ಸಂಘದಲ್ಲಿ ಹಾಲು ಹಾಕಲು ಬರುವ ಇತರರಿಗೂ ತಿಳಿಸಿ.