ಉಣ್ಣೆ ಕೊಟ್ಟು ಹಿಟ್ಟು ತಂದವರು

1833ರ ಆಗಸ್ಟ್ 26ರಂದು ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಲೂಯಿಯಲ್ಲಿ ಐವರ ಕೊಲೆಯಾಯಿತು. ಸತ್ತವರಲ್ಲಿ ವಿಲಿಯಂ ಡಿಕ್ಸನ್ ಎಂಬ ಅಂಗಡಿಕಾರನೂ ಇದ್ದ. ಕೊಂದವರಲ್ಲಿ ಕಾಡುದನ ಹಿಡಿಯುವ ಗೌಚೊ ಆಳುಗಳಿದ್ದರು. ಅವರಿಗೆ ಕೂಲಿಯಾಗಿ ಸಿಗುತ್ತಿದ್ದುದು ಲೂಯಿಸ್ ವೆರ್ನೆ ಎಂಬ ವ್ಯಾಪಾರಿ ಹೊರಡಿಸಿದ್ದ ಕಾಗದದ ಚೀಟಿ. ಆ ಚೀಟಿಯ ಬೆಲೆ ಬಿದ್ದುಹೋಗಿತ್ತು. ಅವರು ಕೇಳಿದ್ದು ಬೆಳ್ಳಿ ನಾಣ್ಯ. ಇದಲ್ಲದಿದ್ದರೆ ಇನ್ನೊಂದು ಅಂಗಡಿಗೆ ಹೋಗೋಣ ಎನ್ನಲು ಅಲ್ಲಿ ಇನ್ನೊಂದು ಅಂಗಡಿ ಇರಲಿಲ್ಲ.

ಕೂಲಿಯ ಕಾರಣಕ್ಕೆ ಮುಂದೆ ಅಂಥ ರಕ್ತಪಾತ ನಡೆಯಲಿಲ್ಲ. ಆದರೆ ಕೂಲಿ ಕೊಡುವ ಕೈಯೇ ಸಾಮಾನು ಮಾರುವ ಪದ್ಧತಿ ಇನ್ನೂ ಒಂದೂವರೆ ಶತಮಾನ ನಡೆಯಿತು.

ದಕ್ಷಿಣ ಅಮೆರಿಕದ ಕರಾವಳಿಯಿಂದ ಸುಮಾರು 500 ಕಿಲೋಮೀಟರ್ ದೂರದ ಅಟ್ಲಾಂಟಿಕ್ ಸಾಗರದಲ್ಲಿರುವ ಈ ದ್ವೀಪಗಳಲ್ಲಿ ಗಾಳಿಯೇ ಗಾಳಿ. ಸಹಜವಾಗಿ ಬೆಳೆದ ಮರ ಒಂದೂ ಇಲ್ಲ. ಇಲ್ಲಿನ ಕಾಡುದನಗಳ ಮೇಲೆ ಕಣ್ಣಿಟ್ಟು ಮಾಂಟೆವಿಡಿಯೊದ ವ್ಯಾಪಾರಿ ಸ್ಯಾಮ್ಯುಯೆಲ್ ಲಾಫೋನ್ 1846ರಲ್ಲಿ ದಕ್ಷಿಣದ ದೊಡ್ಡ ಭಾಗವೊಂದನ್ನು ಹಿಡಿದ. ಅವನ ವ್ಯವಹಾರ 1851ರಲ್ಲಿ ಹುಟ್ಟಿದ ಫಾಕ್‌ಲ್ಯಾಂಡ್ ಐಲ್ಯಾಂಡ್ಸ್ ಕಂಪನಿಯ ಪಾಲಾಯಿತು. ಮರುವರ್ಷ ಅದಕ್ಕೆ ಬ್ರಿಟನ್ನಿನ ರಾಣಿಯ ಸನ್ನದೂ ಸಿಕ್ಕಿತು. ದನ ಹೋಗಿ ಕುರಿ ಬಂದವು. ಕಂಪನಿ ಉಳಿಯಿತು. ಜಮೀನು ಅದರದು, ರಾಜಧಾನಿ ಸ್ಟಾನ್ಲಿಯ ವೆಸ್ಟ್ ಸ್ಟೋರ್ ಎಂಬ ದೊಡ್ಡ ಅಂಗಡಿ ಅದರದು, ಊರೂರಿಗೆ ಸರಕು ಮುಟ್ಟಿಸುವ ಹಡಗೂ ಅದರದು.

ಸ್ಟಾನ್ಲಿಯ ಹೊರಗಿನ ಹುಲ್ಲುಗಾವಲು ಸೀಮೆಯನ್ನೆಲ್ಲ ಅಲ್ಲಿ ಕ್ಯಾಂಪ್ ಎನ್ನುತ್ತಾರೆ. ಅಲ್ಲೊಂದು ಇಲ್ಲೊಂದು ಫಾರ್ಮು; ಒಂದೊಂದರ ನಡುವೆ ಕುದುರೆಯ ಮೇಲೆ ದಿನಗಟ್ಟಲೆ ದಾರಿ. ಫಾರ್ಮಿನ ನಡುವೆ ಮ್ಯಾನೇಜರನ ಮನೆ, ಆಳುಗಳ ಮನೆ, ಉಣ್ಣೆ ಕತ್ತರಿಸುವ ದೊಡ್ಡ ಕೊಟ್ಟಿಗೆ, ಜೊತೆಗೊಂದು ಉಗ್ರಾಣದಂಥ ಅಂಗಡಿ. ಹಿಟ್ಟು, ಸಕ್ಕರೆ, ಚಹಾ, ತಂಬಾಕು, ಬೂಟು, ಬಟ್ಟೆ ಸಿಗುತ್ತಿದ್ದುದು ಅಲ್ಲಿಯೇ. ದುಡ್ಡು ಕೈಯಿಂದ ಕೈಗೆ ಹೋಗುವುದು ಅಪರೂಪ. ತಿಂಗಳ ಸಂಬಳ ಪುಸ್ತಕದಲ್ಲಿ ಜಮೆಯಾಗುತ್ತಿತ್ತು, ಕೊಂಡ ಸಾಮಾನು ಅದೇ ಪುಸ್ತಕದಲ್ಲಿ ಖರ್ಚು ಬೀಳುತ್ತಿತ್ತು. ವಾಣಿಜ್ಯ ಬ್ಯಾಂಕೊಂದು ಈ ದ್ವೀಪಗಳಿಗೆ ಬಂದದ್ದೇ 1983ರಲ್ಲಿ. ಅಲ್ಲಿಯವರೆಗೆ ಬ್ಯಾಂಕಿನ ಎಷ್ಟೋ ಕೆಲಸಗಳನ್ನು ಕಂಪನಿಯ ಲೆಕ್ಕದ ಮನೆಯೇ ಮಾಡುತ್ತಿತ್ತು.

ಮಾಂಸಕ್ಕೂ ಉರುವಲಿಗೂ ದುಡ್ಡಿಲ್ಲ. ಕುರಿಮಾಂಸ ಸಂಬಳದ ಭಾಗ. ವರ್ಷದ ಎಲ್ಲ ದಿನವೂ ಅದನ್ನೇ ತಿನ್ನಬೇಕಾದ್ದರಿಂದ ಜನ ಅದಕ್ಕೆ ‘365’ ಎಂದೇ ಹೆಸರಿಟ್ಟರು. ಒಲೆಗೆ ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಮಣ್ಣಿನ ಹೆಂಟೆ. ಮನೆ ಕಟ್ಟಲು ಮರ, ಹೊದಿಸಲು ತಗಡು, ಮೊಳೆ, ಬಣ್ಣ ಎಲ್ಲವೂ ಸಮುದ್ರ ದಾಟಿಯೇ ಬರಬೇಕು. ರೇಡಿಯೊ ಟೆಲಿಫೋನ್ ಬಂದ ಮೇಲೆ ಬೇಕಾದ್ದನ್ನು ಸ್ಟಾನ್ಲಿಗೆ ಹೇಳಿ ತರಿಸಬಹುದಾಯಿತು. ಯಾರ ಮನೆಗೆ ಏನು ಬೇಕೆಂಬುದು ಮಾತ್ರ ಕ್ಯಾಂಪಿಗೆಲ್ಲ ಕೇಳಿಸುತ್ತಿತ್ತು.

ಇಷ್ಟಕ್ಕೆಲ್ಲ ಪ್ರತಿಯಾಗಿ ಹೊರಗೆ ಹೋಗುತ್ತಿದ್ದುದು ಉಣ್ಣೆ. ಅಲ್ಲಿನ ಬೇಸಿಗೆಯಾದ ಡಿಸೆಂಬರ್, ಜನವರಿಯಲ್ಲಿ ಕುರಿಗಳನ್ನು ಕೊಟ್ಟಿಗೆಗೆ ಕೂಡಿ ಉಣ್ಣೆ ಕತ್ತರಿಸುತ್ತಾರೆ. ಒಂದು ಕುರಿಯ ಉಣ್ಣೆ ಹರಿಯದೆ ಇಡಿಯಾಗಿ, ಕಂಬಳಿಯಂತೆ ಬಿಡಿಸಿಕೊಳ್ಳುತ್ತದೆ. ಅದನ್ನು ಮೇಜಿನ ಮೇಲೆ ಹರಡಿ, ಹಿಕ್ಕೆ ಹತ್ತಿದ ಅಂಚನ್ನು ಕಿತ್ತು ಬೇರೆ ಹಾಕಿ, ನಯ ನೋಡಿ ತರ ಮಾಡುತ್ತಾರೆ. ಆಮೇಲೆ ಒತ್ತುಯಂತ್ರದಲ್ಲಿ ಅದುಮಿ, ಚೀಲದ ಬಾಯಿ ಹೊಲಿದು, ಮೇಲೆ ಫಾರ್ಮಿನ ಗುರುತು ಬಳಿದರೆ ಬೇಲ್ ಸಿದ್ಧ. ಹಿಟ್ಟು, ಸಕ್ಕರೆ ಇಳಿಸಿದ ಹಡಗೇ ಅದೇ ಕಟ್ಟೆಯಿಂದ ಈ ಬೇಲುಗಳನ್ನು ಹೇರಿಕೊಂಡು ಹೋಗುತ್ತಿತ್ತು. ಬೆಲೆ ತೀರ್ಮಾನವಾಗುತ್ತಿದ್ದುದು ಲಂಡನ್ನಿನ ಹರಾಜಿನಲ್ಲಿ. ಕತ್ತರಿ ಹಿಡಿದವನಿಗೆ ಆ ಮಾತುಕತೆಯಲ್ಲಿ ಜಾಗವಿರಲಿಲ್ಲ.

ಹಡಗು ಬರುವವರೆಗೆ ಉಣ್ಣೆಯನ್ನು ಎಲ್ಲಿಡುವುದು? ಕೇಪ್ ಹಾರ್ನ್‌ನ ಬಿರುಗಾಳಿಗೆ ಸಿಕ್ಕಿ ಜಖಂಗೊಂಡ ಹಡಗುಗಳು ಸ್ಟಾನ್ಲಿ ಬಂದರಿಗೆ ಬಂದು ಬೀಳುತ್ತಿದ್ದವು. ರಿಪೇರಿಗೆ ಹಣವಿಲ್ಲದವನ್ನು ಕೊಂಡು ತೇಲುವ ಗೋದಾಮು ಮಾಡಿಕೊಳ್ಳುತ್ತಿದ್ದರು. ಹೀಗೆ ಉಣ್ಣೆ ತುಂಬಿಕೊಂಡು ನಿಂತವುಗಳಲ್ಲಿ ಎಂಜಿನಿಯರ್ ಬ್ರುನೆಲ್ ವಿನ್ಯಾಸಗೊಳಿಸಿದ, 1843ರಲ್ಲಿ ನೀರಿಗಿಳಿದ ಹೆಸರಾಂತ ಕಬ್ಬಿಣದ ಹಡಗು ‘ಗ್ರೇಟ್ ಬ್ರಿಟನ್’ ಕೂಡ ಒಂದು. 1886ರಲ್ಲಿ ಬಂದು ಸೇರಿದ ಅದು 1937ರವರೆಗೆ ಅಲ್ಲಿ ದುಡಿಯಿತು. 1970ರಲ್ಲಿ ಅದನ್ನು ಬ್ರಿಸ್ಟಲ್‌ಗೆ ಎಳೆದು ತಂದು ದುರಸ್ತಿ ಮಾಡಿದರು, ಈಗದು ವಸ್ತುಸಂಗ್ರಹಾಲಯ.

ಕಂಪನಿಯನ್ನು ಬರೀ ದೂರುವುದು ನ್ಯಾಯವಲ್ಲ. ಬೆರಳೆಣಿಕೆಯ ಜನರಿರುವ ದೂರದ ನಾಡಿಗೆ ವರ್ಷವರ್ಷವೂ ಸರಕು ಮುಟ್ಟಿಸಲು ಇನ್ಯಾರೂ ಸಾಲುಗಟ್ಟಿ ನಿಂತಿರಲಿಲ್ಲ. ಫಾರ್ಮಿನಲ್ಲಿ ಹಸಿದು ಮಲಗಿದವರೂ ಇರಲಿಲ್ಲ. ಆದರೆ ದುಡಿದವನ ಹೆಸರಿಗೆ ನೆಲವಿಲ್ಲ, ಮನೆಯಿಲ್ಲ. ಕೆಲಸ ಮುಗಿದ ದಿನ ಫಾರ್ಮಿನ ಮನೆ ಬಿಟ್ಟು ಹೊರಡಬೇಕು. ಬ್ರಿಟಿಷ್ ಸರ್ಕಾರ ಕಳಿಸಿದ ಲಾರ್ಡ್ ಶಾಕಲ್ಟನ್ 1976ರ ವರದಿಯಲ್ಲಿ ಇದನ್ನೆಲ್ಲ ಬಿಡಿಸಿಟ್ಟ. ನೆಲದ ಬಹುಪಾಲು ದ್ವೀಪದಲ್ಲೇ ಇಲ್ಲದ ಮಾಲೀಕರದು, ಅರ್ಧಕ್ಕೆ ಹತ್ತಿರ ಕಂಪನಿಯೊಂದರದೇ. ದ್ವೀಪಗಳಿಂದ ಬ್ರಿಟನ್ನಿಗೆ ಹರಿದ ಹಣ ಅಲ್ಲಿಂದ ಬಂದದ್ದಕ್ಕಿಂತ ಹೆಚ್ಚು. ಆರು ಲಕ್ಷಕ್ಕೂ ಹೆಚ್ಚು ಕುರಿ ಮೇಯಿಸುತ್ತಿದ್ದ, ಎರಡು ಸಾವಿರವೂ ಇಲ್ಲದ ಆ ಜನರ ಬೆವರು ಎಲ್ಲಿ ಹೋಯಿತೆಂದು ಕೇಳುವವರಿಗೆ ಆ ವರದಿಗಿಂತ ನೇರವಾದ ಉತ್ತರವಿಲ್ಲ.

ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಯುದ್ಧದ ನಂತರ ದೊಡ್ಡ ಫಾರ್ಮುಗಳನ್ನು ಒಡೆದು ಕುಟುಂಬಗಳಿಗೆ ಮಾರುವ ಕೆಲಸ ವೇಗ ಪಡೆಯಿತು. ನಿನ್ನೆಯ ಆಳು ತನ್ನ ಗುರುತಿನ ಬೇಲ್ ತಾನೇ ಕಳಿಸುವಂತಾದ. ಮೀನುಗಾರಿಕೆಯ ಪರವಾನಗಿಯಿಂದ ಬರುವ ಹಣದ ಮುಂದೆ ಉಣ್ಣೆಯ ಆದಾಯ ಚಿಕ್ಕದಾಯಿತು. 1991ರಲ್ಲಿ ಕಂಪನಿ ತನ್ನ ಫಾರ್ಮುಗಳನ್ನು ದ್ವೀಪಗಳ ಸರ್ಕಾರಕ್ಕೆ ಮಾರಿ ಕುರಿ ಸಾಕಣೆಯಿಂದ ಹೊರಬಂತು. ಅಂಗಡಿಯನ್ನು ಮಾತ್ರ ಬಿಡಲಿಲ್ಲ. ವೆಸ್ಟ್ ಸ್ಟೋರ್ ಈಗ ಸೂಪರ್ ಮಾರ್ಕೆಟ್ ಆಗಿ ಸ್ಟಾನ್ಲಿಯಲ್ಲಿ ವ್ಯಾಪಾರ ನಡೆಸುತ್ತಿದೆ.