ಆಲಿಸುವವರನ್ನು ಆಲಿಸುವವರಾರು?

ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1924ರಲ್ಲಿ, ಆ ಪ್ರಾಂತದಲ್ಲಿ ಮಕ್ಕಳ ಕಾಯಿದೆ ಹುಟ್ಟಿತು. ಈಗಿರುವುದು 2015ರ ಬಾಲನ್ಯಾಯ ಕಾಯಿದೆ. ಅದರಂತೆ, ಅಪರಾಧದ ಆರೋಪ ಹೊತ್ತ ಬಾಲಕನ ಮನೆಯ ಸ್ಥಿತಿಗತಿಗಳನ್ನು ವಿಚಾರಿಸಿ, ಪರಿವೀಕ್ಷಣಾಧಿಕಾರಿಗಳು 15 ದಿನಗಳೊಳಗೆ ಬಾಲನ್ಯಾಯ ಮಂಡಳಿಗೆ ವರದಿಯೊಪ್ಪಿಸತಕ್ಕದ್ದು. ಅವನಿಗೆ ಬುದ್ಧಿ ಹೇಳಿ ದಾರಿಗೆ ತರುವ ಹೊಣೆಯೂ ಅವರ ಮೇಲಿದೆ.

ನಿಪ್ಪಾಣಿಯ ತಂಬಾಕಿನ ಕೂಲಿಯವರ ಕಷ್ಟವೇ ಬೇರೆ. ರಾಯಬಾಗ, ಕಾಗವಾಡಗಳ ಕಬ್ಬಿನ ಕೂಲಿಯವರದೇ ಬೇರೆ. ದಿನವೂ ಇಂಥ ದುಃಖಗಳನ್ನು ಕೇಳಿ ದಣಿದವರು, ಎಲ್ಲ ಹುಡುಗರ ವಿಷಯದಲ್ಲಿಯೂ ‘ಕೆಟ್ಟ ಸಹವಾಸ’ವೆಂದು ಒಂದೇ ಮಾತನ್ನು ಬರೆದುಬಿಟ್ಟಾರು. ಅಲ್ಲಿಗೆ ಎಳೆಯ ಬಾಳೊಂದು ಕೆಟ್ಟಂತೆಯೇ.

ಆದುದರಿಂದ ನಾವು ಹೇಳುವುದಿಷ್ಟೆ: ಮೇಲ್ವಿಚಾರಕರು ಕಾಗದಕ್ಕೆ ರುಜು ಹಾಕಿದರೆ ಸಾಲದು. ಜೊತೆಯಲ್ಲಿ ಕುಳಿತು, “ಹುಡುಗನ ತಾಯಿ ಎಷ್ಟು ಹೊತ್ತಿಗೆ ಮನೆ ಸೇರುತ್ತಾಳೆ? ಅವನಿಗೆ ಉಣಬಡಿಸುವವರಾರು?” ಎಂದು ಕೇಳಬೇಕು, ಬರೆದವರ ದಣಿವನ್ನೂ ಆಲಿಸಬೇಕು. ಹೂಳೆತ್ತದೆ ನೀರನ್ನಷ್ಟೇ ಸೇದುತ್ತಿದ್ದರೆ ಬಾವಿ ಎಷ್ಟು ದಿನ ಬಾಳೀತು, ವಾಚಕರೇ?